ಶಾಲೆಯಿಂದ ಮಂಡಳಿಗೆ, ಮಂಡಳಿಯಿಂದ ವಿಶ್ವವಿದ್ಯಾಲಯಕ್ಕೆ

ಸಿಂದಗಿ, ಜಮಖಂಡಿ, ರಾಯಬಾಗದ ಹೈಸ್ಕೂಲುಗಳಲ್ಲಿ ಎಂಟು–ಹತ್ತು ವರ್ಷ ಪಾಠ ಮಾಡಿದ ಅನೇಕ ಮಾಸ್ತರರಿಗೆ, ಬಾಯಿಯವರಿಗೆ ಮುಂದೇನು ಎಂಬ ಪ್ರಶ್ನೆ ಎದುರಾಗುತ್ತದೆ. ಪರೀಕ್ಷಾ ಮಂಡಳಿಯ ಕೆಲಸ ಒಂದು ದಾರಿ, ಕಾಲೇಜು ಇನ್ನೊಂದು. ಮೊದಲನೆಯದಕ್ಕೆ ಪಳಗಿದ ಕೈ ಬೇಕು, ಎರಡನೆಯದಕ್ಕೆ ಕಾಗದಪತ್ರ.

ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆಗಳು 2022ರಿಂದ ಒಂದೇ ಮಂಡಳಿಯ ಅಡಿ ಇವೆ. ಅಲ್ಲಿಯ ಕೆಲಸ ಕಲಿಯುವ ಜಾಗ ಮೌಲ್ಯಮಾಪನ ಕೇಂದ್ರ. ಅಂಕ ಕೊಡುವುದರಲ್ಲಿ ಆಗುವ ತಪ್ಪಿಗಿಂತ ಅಂಕವನ್ನು ಮುಖಪುಟಕ್ಕೆ ಏರಿಸುವುದರಲ್ಲಿ ಆಗುವ ತಪ್ಪು ಹೆಚ್ಚು ನೋಯಿಸುತ್ತದೆ: ಒಳಪುಟದ ಅರ್ಧ ಅಂಕ ಮುಖಪುಟಕ್ಕೆ ಬಾರದೇ ಉಳಿಯುತ್ತದೆ, ಕೊನೆಯ ಹಾಳೆಯಲ್ಲಿ ಬರೆದ ಉತ್ತರ ಕಣ್ಣಿಗೇ ಬೀಳುವುದಿಲ್ಲ. ಮೊದಲು ಪುಟ ಎಣಿಸಿ, ಆಮೇಲೆ ಕೆಂಪು ಪೆನ್ನು ಹಿಡಿಯಿರಿ.

ಪ್ರಶ್ನೆ ಬರೆಯುವುದು ಮುಂದಿನ ಮೆಟ್ಟಿಲು. ‘ಕಿತ್ತೂರು ಚೆನ್ನಮ್ಮನ ಹೋರಾಟ ವಿವರಿಸಿ’ ಎಂದು ನಾಲ್ಕು ಅಂಕಕ್ಕೆ ಕೇಳಿದರೆ ಒಬ್ಬ ವಿದ್ಯಾರ್ಥಿ ಬಾಲ್ಯದಿಂದ ಶುರು ಮಾಡುತ್ತಾನೆ, ಇನ್ನೊಬ್ಬಳು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸಾವು ಬರೆದು ನಿಲ್ಲಿಸುತ್ತಾಳೆ. ಇಬ್ಬರು ಮೌಲ್ಯಮಾಪಕರು ಎರಡು ಬೇರೆ ಅಂಕ ಕೊಡುತ್ತಾರೆ. ‘ದತ್ತುಪುತ್ರನನ್ನು ಬ್ರಿಟಿಷರು ಒಪ್ಪದಿದ್ದುದು 1824ರ ಕಿತ್ತೂರು ಯುದ್ಧಕ್ಕೆ ಹೇಗೆ ದಾರಿಮಾಡಿತು? ನಾಲ್ಕು ಅಂಶ ಬರೆಯಿರಿ’ ಎಂದರೆ ಆ ಗೊಂದಲ ಬಹುಮಟ್ಟಿಗೆ ಕಡಿಮೆ. ಪ್ರಶ್ನೆಯ ಜೊತೆಗೇ ಮಾದರಿ ಉತ್ತರ, ಅಂಶಕ್ಕೊಂದರಂತೆ ಅಂಕ ಬರೆದಿಡಿ. ಮಾದರಿ ಉತ್ತರ ಬರೆಯಲು ನಿಮಗೇ ತಡವರಿಸಿದರೆ ಪ್ರಶ್ನೆಯೇ ಕೆಟ್ಟಿದೆ ಎಂದರ್ಥ. ಇಳಕಲ್ಲಿನದೋ ಚಿಕ್ಕೋಡಿಯದೋ, ನಿಮ್ಮ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಪ್ರಶ್ನೆಕೋಠಿ ಕಾರ್ಯಾಗಾರ ನಡೆದರೆ ಬಿಡಬೇಡಿ.

ಇನ್ನು ಕಾಲೇಜು. ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರದಲ್ಲಿ ಶೇ. 55 ಬೇಕು, ಮೀಸಲಾತಿಯವರಿಗೆ ಶೇ. 50. 54.9 ಇದ್ದರೆ ಅದು 55 ಆಗುವುದಿಲ್ಲ. ಕಾಲೇಜು ಬೋಧನೆಯ ಅರ್ಹತಾ ಪರೀಕ್ಷೆ, ಅಂದರೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆ-ಸೆಟ್, ಆಗಿರಬೇಕು: ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಒಟ್ಟು 300 ಅಂಕ, ಮೂರು ತಾಸು, ತಪ್ಪಿಗೆ ಅಂಕ ಕಡಿತವಿಲ್ಲ. ಕೆ-ಸೆಟ್ ಅರ್ಹತೆಗೆ ಮಾನ್ಯತೆ ನಮ್ಮ ರಾಜ್ಯದಲ್ಲಷ್ಟೇ. ಸೊಲ್ಲಾಪುರ, ಕೊಲ್ಹಾಪುರದ ಕಡೆ ಕಣ್ಣಿಟ್ಟವರು ನೆಟ್ ಬರೆಯಲಿ.

ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವಾಗಲಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಾಗಲಿ, ನೌಕರಿಯಲ್ಲಿದ್ದು ಅರೆಕಾಲಿಕ ಪಿಎಚ್‌ಡಿಗೆ ಸೇರುವವರು ನೌಕರಿ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತಂದು ಕೊಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಅದರಲ್ಲಿ ಮೂರು ಮಾತು ಇರಲೇಬೇಕು: ಅರೆಕಾಲಿಕ ಅಧ್ಯಯನಕ್ಕೆ ಅನುಮತಿ, ಸಂಶೋಧನೆಗೆ ಸಮಯ ಸಿಗುತ್ತದೆ ಎಂಬ ಹೇಳಿಕೆ, ಬೇಕಾದರೆ ಪಿಎಚ್‌ಡಿಯ ಮೊದಲ ಹಂತದ ತರಗತಿಗಳಾದ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುವ ಭರವಸೆ. ಅನೇಕರ ಪತ್ರದಲ್ಲಿ ಮೂರನೆಯದು ಇರುವುದಿಲ್ಲ, ಕೋರ್ಸ್‌ವರ್ಕ್‌ನ ಹಾಜರಾತಿ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರವೇಶ ಆದ ಮೇಲೆ ಅನುಮತಿ ಕೇಳುವುದು ಅತಿ ದೊಡ್ಡ ತಪ್ಪು.

ಹೈಸ್ಕೂಲಿನ ಹನ್ನೆರಡು ವರ್ಷದ ಸೇವೆ ಸಹಾಯಕ ಪ್ರಾಧ್ಯಾಪಕರ ಬಡ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. ಇದು ಕಹಿ, ಆದರೆ ಮೊದಲೇ ಗೊತ್ತಿರಲಿ. ಹಳೆಯ ಸೇವೆ ಪಿಂಚಣಿಯ ಲೆಕ್ಕಕ್ಕಾದರೂ ಉಳಿಯಬೇಕಾದರೆ, ಹೊಸ ಹುದ್ದೆಗೆ ಇಲಾಖೆಯ ಮೂಲಕವೇ ಅರ್ಜಿ ಹಾಕಿ. ಸುಮ್ಮನೆ ರಾಜೀನಾಮೆ ಬರೆದುಕೊಟ್ಟವರ ಸೇವೆ ಅಲ್ಲಿಗೇ ಕಡಿಯುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟ ಪ್ರತಿ ಅರ್ಜಿಯ ನಕಲಿನ ಮೇಲೆ ಟಪಾಲು ಮೊಹರು, ದಿನಾಂಕ ಹಾಕಿಸಿಕೊಂಡೇ ಮನೆಗೆ ಬನ್ನಿ.