ಹಂಪ್ ಇದೆ, ಆದರೂ ಗಾಡಿ ನಿಧಾನ ಆಗಲ್ಲ

ನಮ್ಮ ಮನೆ ಮುಂದೆ ಒಂದು ಹಂಪ್ ಇದೆ. ಬೆಂಗಳೂರಿನ ಬನಶಂಕರಿ ಎರಡನೇ ಹಂತದ ಅಡ್ಡರಸ್ತೆಗಳಲ್ಲಿ ನೀವು ನೋಡಿರುವಂಥದ್ದೇ. ರಾತ್ರೋರಾತ್ರಿ ಯಾರೋ ಡಾಂಬರು ಸುರಿದು ಹೋದ ಹಾಗಿದೆ. ಒಂದಡಿ ಅಗಲ, ನಾಲ್ಕೈದು ಇಂಚು ಎತ್ತರ, ಮೇಲೆ ಬಿಳಿ ಪಟ್ಟಿ ಇಲ್ಲ. ಸೈಕಲ್‌ನಲ್ಲಿ ದಾಟಿದರೆ ಹಲ್ಲು ಹಲ್ಲಿಗೆ ಬಡಿಯುತ್ತದೆ. ದೊಡ್ಡ ಕಾರುಗಳು ಮಾತ್ರ 'ದಡ್' ಅಂತ ಒಂದು ಸದ್ದು ಮಾಡಿ, ಅದೇ ಸ್ಪೀಡಿನಲ್ಲಿ ಹೋಗಿಬಿಡುತ್ತವೆ. ಇದು ಬರೀ ಸೊಕ್ಕು ಅಂತ ತುಂಬಾ ದಿನ ಅಂದುಕೊಂಡಿದ್ದೆ. ಸೊಕ್ಕೂ ಇರಬಹುದು, ಆದರೆ ತಪ್ಪು ಹಂಪಿನದ್ದೂ ಇದೆ.

ಲೆಕ್ಕ ನೋಡಿ. ಗಂಟೆಗೆ 40 ಕಿ.ಮೀ. ವೇಗದ ಕಾರಿನ ಚಕ್ರ ಒಂದಡಿ ಅಗಲದ ಉಬ್ಬನ್ನು ದಾಟಲು ಸೆಕೆಂಡಿನ ಮೂವತ್ತು-ನಲವತ್ತರಲ್ಲಿ ಒಂದು ಪಾಲು ಸಮಯ ಸಾಕು. ಅಷ್ಟರಲ್ಲಿ ಟೈರು ಅಮುಕುತ್ತದೆ, ಸ್ಪ್ರಿಂಗ್ ಕುಗ್ಗುತ್ತದೆ. ಆದರೆ ಟನ್‌ಗಟ್ಟಲೆ ತೂಕದ ಕಾರಿನ ಮೈ ಮೇಲೇಳಲು ಪುರುಸೊತ್ತೇ ಸಿಗುವುದಿಲ್ಲ, ಏಕೆಂದರೆ ಆ ಮೈ ಒಂದು ಸಲ ಮೇಲೆದ್ದು ಇಳಿಯಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಹಾಗಾಗಿ ಒಳಗೆ ಕೂತವರಿಗೆ ನಿಧಾನವಾಗಿ ಹೋದಾಗಲೇ ಹೆಚ್ಚು ಎತ್ತಿ ಹಾಕಿದಂತಾಗುತ್ತದೆ, ಜೋರಾಗಿ ಹೋದರೆ ಆರಾಮ. ಅಂದರೆ ನಿಧಾನ ಮಾಡಿಸಲು ಹಾಕಿದ ಹಂಪ್ ಜೋರಾಗಿ ಓಡಿಸುವುದನ್ನು ಕಲಿಸುತ್ತಿದೆ. ಸ್ಪ್ರಿಂಗ್ ಇಲ್ಲದ ಸೈಕಲ್ಲಿಗೆ ಈ ರಿಯಾಯಿತಿ ಇಲ್ಲ. ಅದಕ್ಕೇ ಸೈಕಲ್ಲು, ಸ್ಕೂಟರಿನವರೆಲ್ಲ ಚರಂಡಿ ಪಕ್ಕ ನೀರು ಹೋಗಲು ಬಿಟ್ಟ ಸಂದಿಯಲ್ಲಿ ನುಸುಳುತ್ತಾರೆ, ಅಂದರೆ ಜನ ನಡೆಯುವ ಜಾಗದಲ್ಲಿ!

ರಸ್ತೆ ಉಬ್ಬಿನ ಬಗ್ಗೆ ತಲೆ ಕೆಡಿಸಿಕೊಂಡವರು ಸಾಮಾನ್ಯರಲ್ಲ. ಕ್ಷ-ಕಿರಣ ಇಲೆಕ್ಟ್ರಾನಿಗೆ ಬಡಿದು ಚದುರುವ 'ಕಾಂಪ್ಟನ್ ಪರಿಣಾಮ'ಕ್ಕೆ 1927ರಲ್ಲಿ ನೊಬೆಲ್ ಪಡೆದ ಆರ್ಥರ್ ಕಾಂಪ್ಟನ್, 1953ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ ಕಾರುಗಳ ಓಟ ತಡೆಯಲು ಇಂಥ ಉಬ್ಬುಗಳನ್ನು ರೂಪಿಸಿದ್ದರು. ಆಮೇಲೆ 1970ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಬೇರೆ ಬೇರೆ ಆಕಾರಗಳನ್ನು ಪರೀಕ್ಷಿಸಿ ಒಂದನ್ನು ಆರಿಸಿದರು: 3.7 ಮೀಟರ್ ಉದ್ದಕ್ಕೆ ನಿಧಾನವಾಗಿ ಏರಿ ಇಳಿಯುವ, 10 ಸೆಂಟಿಮೀಟರ್ ಎತ್ತರದ ಉಬ್ಬು. ಮಲಗಿದ ಎಮ್ಮೆಯ ಬೆನ್ನಲ್ಲ, ದೋಸೆ ಹೆಂಚಿನ ಮೇಲೆ ಸ್ವಲ್ಪ ಉಬ್ಬಿದ ದೋಸೆ ಅಂದುಕೊಳ್ಳಿ. ಇದು ಉದ್ದ ಇರುವುದರಿಂದ ಕಾರಿನ ಮೈಗೂ ಏರಿ ಇಳಿಯಲು ಸಮಯ ಸಿಗುತ್ತದೆ. 25ರಲ್ಲಿ ಹೋದರೆ ತೊಟ್ಟಿಲು ತೂಗಿದ ಹಾಗೆ, 50ರಲ್ಲಿ ಹೋದರೆ ತಲೆ ಸೂರಿಗೆ. ರಸ್ತೆ ಹೇಗಿರಬೇಕು ಅಂತ ಮಾನದಂಡ ಬರೆಯುವ ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲೂ ಇದೇ ಅಳತೆ ಇದೆ, 1988ರಿಂದಲೇ. ಪುಸ್ತಕದಲ್ಲಿದೆ, ನಮ್ಮ ಬೀದಿಗೆ ಬಂದಿಲ್ಲ ಅಷ್ಟೇ.

ಇಷ್ಟೆಲ್ಲ ಒದ್ದಾಟ 50ನ್ನು 30ಕ್ಕೆ ಇಳಿಸುವುದಕ್ಕೆ. ಇಪ್ಪತ್ತು ಕಿ.ಮೀ. ವ್ಯತ್ಯಾಸದಲ್ಲಿ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಕಾರಿಗಿಂತ 14 ಮೀಟರ್ ಮುಂದೆ ಒಂದು ಮಗು ಚೆಂಡಿನ ಹಿಂದೆ ರಸ್ತೆಗೆ ಓಡಿ ಬಂತು ಅಂತಿಟ್ಟುಕೊಳ್ಳಿ. ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡ್. 30ರಲ್ಲಿ ಬರುವ ಕಾರು ಆ ಸೆಕೆಂಡಿನಲ್ಲಿ 8 ಮೀಟರ್ ಚಿಲ್ಲರೆ ಮುಂದೆ ಬಂದಿರುತ್ತದೆ, ಬ್ರೇಕ್ ಒತ್ತಿದ ಮೇಲೆ ಒಣ ಡಾಂಬರಿನಲ್ಲಿ ಇನ್ನೊಂದು 5 ಮೀಟರ್. ಮಗುವಿನ ಮುಂದೆ ನಿಲ್ಲುತ್ತದೆ. 50ರ ಕಾರು ಅದೇ ಒಂದು ಸೆಕೆಂಡಿನಲ್ಲಿ ಹೋಗುವ ದೂರ 13.9 ಮೀಟರ್. ಅಂದರೆ ಕಾಲು ಬ್ರೇಕ್ ಮುಟ್ಟುವ ಹೊತ್ತಿಗೆ ಕಾರು ಮಗುವನ್ನು ಮುಟ್ಟಿರುತ್ತದೆ, ಪೂರ್ತಿ ಐವತ್ತರಲ್ಲಿ. ಡ್ರೈವರ್ ಎಷ್ಟೇ ಒಳ್ಳೆಯವನಾಗಿರಲಿ, ಬ್ರೇಕ್ ಎಷ್ಟೇ ಹೊಸದಾಗಿರಲಿ.

ಹೊಡೆತವೂ ಬೇರೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. 30ರ ವೇಗ ಅಂದರೆ ಮೂರೂವರೆ ಮೀಟರ್ ಮೇಲಿಂದ, ಹೆಚ್ಚುಕಡಿಮೆ ಮೊದಲನೇ ಮಹಡಿಯಿಂದ ಬಿದ್ದಾಗ ನೆಲ ಮುಟ್ಟುವ ವೇಗ. 50 ಅಂದರೆ ಸುಮಾರು 10 ಮೀಟರ್, ಮೂರನೇ ಮಹಡಿ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತ 1.68 ಲಕ್ಷ ಜನರಲ್ಲಿ ಸುಮಾರು 32,800 ಮಂದಿ ನಡೆದು ಹೋಗುತ್ತಿದ್ದವರು.

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 50 ಎಲ್ಲಿ ಬಂತು ಅಂತ ನಗಬೇಡಿ. ಸಂಜೆ ಆರಕ್ಕೆ ಬರುವುದಿಲ್ಲ. ರಾತ್ರಿ ಹತ್ತೂವರೆಗೆ ರಿಂಗ್ ರೋಡ್ ಖಾಲಿಯಾದಾಗ ನೋಡಿ. ಅಷ್ಟು ಅಗಲದ ರಸ್ತೆ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ, ನನ್ನದೂ ಒತ್ತಿದೆ. ಬೋರ್ಡಿನಲ್ಲಿ ಬರೆದ ಸಂಖ್ಯೆಗಿಂತ ರಸ್ತೆಯ ಅಗಲ ಜೋರಾಗಿ ಮಾತಾಡುತ್ತದೆ. ಟೆಂಡರ್‌ಶ್ಯೂರ್ ಅನ್ನುವ, ನಗರದ ರಸ್ತೆಗಳನ್ನು ಹೊಸದಾಗಿ ವಿನ್ಯಾಸ ಮಾಡಿ ಕಟ್ಟುವ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳ ವಾಹನ ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ಕಟ್ಟಿಹಾಕಿ, ಉಳಿದ ಜಾಗವನ್ನು ಫುಟ್‌ಪಾತಿಗೆ ಕೊಟ್ಟರು. ಕಾರಿಗೆ ಜಾಗ ಕಡಿಮೆ ಆಯಿತು ಅಂತ ಆಗ ಬೈದವರಿದ್ದಾರೆ. ನನಗಂತೂ ಅಮ್ಮನ ಕೈ ಹಿಡಿಯದೆ ಜೊತೆಯಲ್ಲಿ ನಡೆಯಬಹುದಾದ ಕೆಲವೇ ರಸ್ತೆಗಳು ಅವು. ಸೈಕಲ್ಲಿಗೂ ಇದೇ ಮಾತು: 2020ರಲ್ಲಿ ಹೊರ ವರ್ತುಲ ರಸ್ತೆಯ ಸೈಕಲ್ ಪಥಕ್ಕೆ ಪ್ಲಾಸ್ಟಿಕ್ ಕಂಬ ನೆಟ್ಟಿದ್ದರು, ಆದರೆ ಪ್ಲಾಸ್ಟಿಕ್ ಕಾರನ್ನು ತಡೆಯುವುದಿಲ್ಲ. ಕಲ್ಲಿನ ಅಂಚು ತಡೆಯುತ್ತದೆ. ಸ್ಕೈವಾಕ್ ಬಗ್ಗೆ ಒಂದೇ ಮಾತು: ಐದೂವರೆ ಮೀಟರ್ ಹತ್ತಿ ಇಳಿಯುವ ಕೆಲಸವನ್ನು ಮಂಡಿ ನೋವಿನವರಿಗೆ ಕೊಟ್ಟು ಕಾರನ್ನು ನಿಲ್ಲದಂತೆ ನೋಡಿಕೊಳ್ಳುವುದು ಕಾರಿನ ಸೇವೆ.

ಇನ್ನೊಂದು, ಯಾರ ಕಣ್ಣಿಗೂ ಬೀಳದ್ದು, ಮೂಲೆಯ ತಿರುವು. ಫುಟ್‌ಪಾತಿನ ಮೂಲೆ ಎಷ್ಟು ದುಂಡಗೋ ಗಾಡಿ ಅಷ್ಟು ಜೋರಾಗಿ ತಿರುಗುತ್ತದೆ. ತಿರುವಿನ ತ್ರಿಜ್ಯ ನಾಲ್ಕು ಪಟ್ಟಾದರೆ, ಮೈ ವಾಲದೆ ತಿರುಗಬಹುದಾದ ವೇಗ ಎರಡು ಪಟ್ಟು. ಜೊತೆಗೆ ದಾಟುವವರಿಗೆ ದೂರವೂ ಜಾಸ್ತಿ. ಅದರ ಮೇಲೆ ನಮ್ಮ 'ಫ್ರೀ ಲೆಫ್ಟ್' ಬೇರೆ, ಅಲ್ಲಿ ನಡೆಯುವವರಿಗೆ ಹಸಿರು ದೀಪ ಅನ್ನುವುದೇ ಇಲ್ಲ.

ನಮ್ಮ ಬೀದಿಯ ಮೂಲೆಯೂ ಹಾಗೇ ದುಂಡಗಿದೆ. ಅಲ್ಲಿ ಒಬ್ಬರು ಎಳನೀರಿನ ಗಾಡಿ ನಿಲ್ಲಿಸುತ್ತಾರೆ, ಸರಿಯಾಗಿ ತಿರುವಿನ ಹೊಟ್ಟೆಯಲ್ಲಿ. ಕಾರುಗಳು ಅದನ್ನು ಸುತ್ತಿಕೊಂಡು, ಗೊಣಗಿಕೊಂಡು, ನಿಧಾನವಾಗಿ ತಿರುಗುತ್ತವೆ. ಸೋಮವಾರ ಅವರು ಬರುವುದಿಲ್ಲ. ಅವತ್ತು ಅಮ್ಮ ತರಕಾರಿ ಚೀಲ ಹಿಡಿದು ಮೂಲೆಯಲ್ಲಿ ನಿಂತೇ ಇರುತ್ತಾಳೆ, ನಾನು ಬಂದು ದಾಟಿಸುವವರೆಗೆ.