ಬಸ್ರಾದ ಗ್ಯಾಸು, ಬಸ್ರಾದ ನೀರು

ದಕ್ಷಿಣ ಇರಾಕಿನ ಬಸ್ರಾದ ಖರ್ಜೂರದ ತೋಟಗಳಿಗೆ ಹಿಂದೆ ಪಂಪೇ ಬೇಕಿರಲಿಲ್ಲ. ನೀರು ಹಾಯಿಸುವ ಕೆಲಸ ಸಮುದ್ರದ್ದು. ಇರಾಕಿನ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಕುರ್ನಾ ಎಂಬ ಊರಿನ ಹತ್ತಿರ ಕೂಡುತ್ತವೆ. ಅಲ್ಲಿಂದ ಮುಂದೆ ಕೂಡಿದ ನದಿಯ ಹೆಸರು ಶತ್ ಅಲ್-ಅರಬ್, ಬಸ್ರಾ ಇರುವುದು ಅದರ ದಡದಲ್ಲಿ. ಸುಮಾರು 200 ಕಿಲೋಮೀಟರ್ ಹರಿದು ಪರ್ಷಿಯನ್ ಕೊಲ್ಲಿ ಸೇರುತ್ತದೆ. ಕೊಲ್ಲಿಯಲ್ಲಿ ಉಬ್ಬರ ಬಂದಾಗ ನದಿ ಮುಂದೆ ಹೋಗಲಾಗದೆ ಏರುತ್ತಿತ್ತು, ಏರಿದ ಸಿಹಿನೀರು ಸಣ್ಣ ಸಣ್ಣ ಕಾಲುವೆಗಳಿಗೆ ನುಗ್ಗಿ ಮರದ ಬುಡ ಮುಟ್ಟುತ್ತಿತ್ತು, ಇಳಿತದಲ್ಲಿ ವಾಪಸ್ ಹೋಗುವಾಗ ಮಣ್ಣಿನ ಉಪ್ಪನ್ನೂ ಒಂದಿಷ್ಟು ತೊಳೆದುಕೊಂಡು ಹೋಗುತ್ತಿತ್ತು. ದಿನಕ್ಕೆ ಎರಡು ಸಲ, ನೂರಾರು ವರ್ಷ ಹೀಗೇ ನಡೆಯಿತು.

ಉಬ್ಬರ ಈಗಲೂ ಬರುತ್ತದೆ. ಆದರೆ ಎಷ್ಟೋ ದಿನ ಅದು ಉಪ್ಪುನೀರನ್ನೇ ತರುತ್ತದೆ.

ನಮ್ಮ ಕರಾವಳಿಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಅಳಿವೆಯಿಂದ ಉಪ್ಪುನೀರು ಒಳಗೆ ಬರುತ್ತದೆ, ಬಾವಿ ಉಪ್ಪಾಗುತ್ತದೆ. ಸಮುದ್ರವನ್ನು ಆಚೆ ತಳ್ಳಿ ಹಿಡಿಯುವುದು ಹೊಳೆಯ ಹರಿವು. ಹರಿವು ಕಡಿಮೆಯಾದರೆ ತೂಕ ಜಾಸ್ತಿ ಇರುವ ಉಪ್ಪುನೀರು ಸಿಹಿನೀರಿನ ಅಡಿಯಲ್ಲಿ ನುಸುಳಿಕೊಂಡು ಮೈಲಿಗಟ್ಟಲೆ ಮೇಲೆ ಬರುತ್ತದೆ. ನಾವು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ತಡೆಯುತ್ತೇವೆ. ಶತ್ ಅಲ್-ಅರಬ್ ಹಡಗು ಓಡಾಡುವ ನದಿ, ಕೆಳಭಾಗದಲ್ಲಿ ಇರಾನಿನ ಗಡಿಯೂ ಹೌದು. ಅಲ್ಲಿ ಅಷ್ಟು ಸುಲಭವಿಲ್ಲ. ಮೇಲೆ ಟರ್ಕಿ ಅತಾತುರ್ಕ್, ಇಲಿಸು ಎಂಬ ದೊಡ್ಡ ಅಣೆಕಟ್ಟುಗಳನ್ನು ಕಟ್ಟಿದೆ. ಪಕ್ಕದಿಂದ ಬಂದು ಸೇರುವ ಕಾರುನ್ ನದಿಯ ನೀರನ್ನು ಇರಾನ್ ಬಳಸಿಕೊಳ್ಳುತ್ತಿದೆ. ಮಳೆ ಕೈಕೊಡುತ್ತಿದೆ, ಸೆಖೆ ಏರುತ್ತಿದೆ. ಕೊನೆಯಲ್ಲಿ ಕೂತ ಬಸ್ರಾಗೆ ಉಳಿದಷ್ಟೇ ನೀರು, ಅದರಲ್ಲೂ ಮೇಲಿನ ಊರುಗಳ ಕೊಳಚೆ.

2018ರ ಬೇಸಿಗೆಯಲ್ಲಿ ಆ ನೀರು ಕುಡಿದು ಹೊಟ್ಟೆನೋವು, ವಾಂತಿ, ಭೇದಿ ಅಂತ ಕನಿಷ್ಠ 1,18,000 ಜನ ಆಸ್ಪತ್ರೆ ಸೇರಿದರು. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಜನ ಬೀದಿಗಿಳಿದರು. ಅವರು ಕೇಳಿದ್ದು ನೀರು, ಕರೆಂಟು, ಕೆಲಸ.

ಇದೇ ಬಸ್ರಾದ ಸುತ್ತಮುತ್ತಲಿಂದಲೇ ಇರಾಕಿನ ಬಹುಪಾಲು ಎಣ್ಣೆ ಬರುತ್ತದೆ. ಸರ್ಕಾರದ ಆದಾಯದಲ್ಲಿ ಹತ್ತಿರ ಹತ್ತಿರ ಶೇ. 90ರಷ್ಟು ಎಣ್ಣೆಯದೇ. ಭಾರತ ಕೊಳ್ಳುವ ಕಚ್ಚಾ ತೈಲದಲ್ಲೂ ಇರಾಕಿನದು ದೊಡ್ಡ ಪಾಲು, ಹಾಗಾಗಿ ಇದು ನಮಗೆ ಸಂಬಂಧವಿಲ್ಲದ ಊರಿನ ಕಥೆಯೇನೂ ಅಲ್ಲ.

ಎಣ್ಣೆ ತೆಗೆಯೋದಕ್ಕೂ ನೀರು ಬೇಕು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಭೂಮಿಯೊಳಗೆ ಎಣ್ಣೆ ಕೆರೆಯ ಹಾಗೆ ನಿಂತಿರುವುದಿಲ್ಲ, ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಒತ್ತಡದಲ್ಲಿರುತ್ತದೆ. ತೆಗೆದಷ್ಟೂ ಒತ್ತಡ ಇಳಿಯುತ್ತದೆ. ಅದನ್ನು ಕಾಪಾಡಲು ಪಕ್ಕದ ಬಾವಿಗಳಿಂದ ನೀರು ತುಂಬಿ ಎಣ್ಣೆಯನ್ನು ತಳ್ಳಬೇಕು. ಒಂದು ಬ್ಯಾರೆಲ್ ಎಣ್ಣೆಗೆ ಒಂದಕ್ಕಿಂತ ಜಾಸ್ತಿ ಬ್ಯಾರೆಲ್ ನೀರು ಬೇಕಾಗುವುದೂ ಉಂಟು. ದಕ್ಷಿಣ ಇರಾಕಿನಲ್ಲಿ ಆ ನೀರಿನಲ್ಲಿ ನದಿ ಕಾಲುವೆಗಳ ಪಾಲೂ ಇದೆ.

ಎಣ್ಣೆಯ ಜೊತೆಗೇ ಗ್ಯಾಸು ಬರುತ್ತದೆ. ಅದನ್ನು ಹಿಡಿದು, ಶುದ್ಧ ಮಾಡಿ, ಪೈಪಿಗೆ ಬಿಡುವ ವ್ಯವಸ್ಥೆ ಸಾಲದಿದ್ದರಿಂದ ಬಾವಿಯ ಪಕ್ಕದಲ್ಲೇ ಸುಟ್ಟುಬಿಡುತ್ತಾರೆ. ಇಡೀ ಇರಾಕಿನಲ್ಲಿ ವರ್ಷಕ್ಕೆ ಸುಮಾರು 1,700 ಕೋಟಿ ಘನ ಮೀಟರ್. ಇಷ್ಟು ಗ್ಯಾಸು ಸುಡುವ ದೇಶಗಳು ಜಗತ್ತಿನಲ್ಲಿ ಎರಡು ಮೂರು ಇರಬಹುದು ಅಷ್ಟೆ. ಇನ್ನೊಂದು ಕಡೆ ಕರೆಂಟು ಮಾಡೋದಕ್ಕೆ ಅದೇ ಇರಾಕ್ ಇರಾನಿನಿಂದ ಗ್ಯಾಸು ಕೊಂಡಿದೆ! ಬೇಸಿಗೆಯಲ್ಲಿ 50 ಡಿಗ್ರಿ ಸೆಖೆ. ಬಿಸಿಗಾಳಿ ತೆಳುವಾಗಿರುವುದರಿಂದ ಗ್ಯಾಸ್ ಟರ್ಬೈನುಗಳ ಕಸುವು ಇಳಿಯುತ್ತದೆ, ಎಲ್ಲರ ಮನೆಯ ಏಸಿಯೂ ಆ ಹೊತ್ತಿಗೇ ಓಡಬೇಕು. ಸರ್ಕಾರದ ಕರೆಂಟು ಹೋದಾಗ ಬಡಾವಣೆಯ ಖಾಸಗಿ ಜನರೇಟರೇ ಗತಿ. ಅದಕ್ಕೆ ಇಷ್ಟು ಆಂಪಿಯರ್‌ಗೆ ಇಷ್ಟು ಅಂತ ತಿಂಗಳಿಗೆ ದುಡ್ಡು ಕಟ್ಟಬೇಕು.

ಒಂದು ಚಿಕ್ಕ ಲೆಕ್ಕ ಹಾಕೋಣ. ಒಂದು ಘನ ಮೀಟರ್ ಗ್ಯಾಸಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತದೆ. ವಿದ್ಯುತ್ ಸ್ಥಾವರದಲ್ಲಿ ಅದರಿಂದ 4 ಯೂನಿಟ್ ಕರೆಂಟು ಬಂತು ಅಂದುಕೊಳ್ಳಿ. ಆರ್‌ಓ ವಿಧಾನದಲ್ಲಿ 1,000 ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡಲು 3ರಿಂದ 4 ಯೂನಿಟ್ ಬೇಕು. ಅಂದರೆ ಬಸ್ರಾದ ಆಕಾಶದಲ್ಲಿ ಸುಮ್ನೆ ಉರಿದು ಹೋಗುವ ಒಂದೊಂದು ಘನ ಮೀಟರ್ ಗ್ಯಾಸಿನಿಂದ ಸಾವಿರ ಲೀಟರ್ ಕುಡಿಯುವ ನೀರು ಬರಬಹುದಿತ್ತು. ಸ್ಥಾವರ ಕಟ್ಟುವ ಖರ್ಚು ಬೇರೆ, ಒಪ್ಪುತ್ತೇನೆ. ಆದರೂ ಈ ಲೆಕ್ಕ ಹಾಕಿದಾಗಿನಿಂದ ಆ ಬೆಂಕಿಯ ಫೋಟೋ ನೋಡಿದರೆ ನನಗೆ ನೀರೇ ಕಾಣುತ್ತದೆ.

ಹಾಗಾದರೆ ಎಣ್ಣೆಯ ದುಡ್ಡು ಎಲ್ಲಿ ಹೋಗುತ್ತದೆ? 1980ರಿಂದ ಯುದ್ಧದ ಮೇಲೆ ಯುದ್ಧ, ದಿಗ್ಬಂಧನ, ಭ್ರಷ್ಟಾಚಾರ. ಇವೆಲ್ಲ ಗೊತ್ತಿದ್ದದ್ದೇ. ಈಗಿನ ದೊಡ್ಡ ಖರ್ಚು ಸಂಬಳ. 40 ಲಕ್ಷಕ್ಕೂ ಜಾಸ್ತಿ ಜನ ಸರ್ಕಾರದ ಸಂಬಳ ಪಡೆಯುತ್ತಾರೆ. ಬೇರೆ ಉದ್ಯೋಗ ಬೆಳೆಯದಿದ್ದಾಗ ಜನ ಸರ್ಕಾರಿ ಕೆಲಸವನ್ನೇ ಕೇಳುತ್ತಾರೆ, ಅದರಲ್ಲಿ ಅವರ ತಪ್ಪೇನಿದೆ? ಆದರೆ 2020ರಲ್ಲಿ ಎಣ್ಣೆ ಬೆಲೆ ಕುಸಿದಾಗ ಸಂಬಳ ಕೊಡುವುದೇ ಕಷ್ಟವಾಯಿತು. ಇಂಥ ವರ್ಷಗಳಲ್ಲಿ ಮೊದಲು ನಿಲ್ಲುವುದು ಪೈಪು, ಪಂಪು, ಕಾಲುವೆಯ ಕೆಲಸ.

ಇದಕ್ಕೆ ದಾರಿ ಇರಾಕಿಗೆ ಗೊತ್ತಿಲ್ಲ ಅಂತಲ್ಲ. 1950ರಲ್ಲೇ ಅಲ್ಲಿ ಒಂದು ಅಭಿವೃದ್ಧಿ ಮಂಡಳಿ ಇತ್ತು. 1952ರಿಂದ ಎಣ್ಣೆ ಆದಾಯದ ಶೇ. 70ರಷ್ಟು ಅದಕ್ಕೇ ಮೀಸಲು. ಪ್ರವಾಹದ ನೀರನ್ನು ಥರ್ಥಾರ್ ಎಂಬ ತಗ್ಗಿಗೆ ತಿರುಗಿಸುವ ಸಮಾರಾ ಬ್ಯಾರೇಜು ಆ ದುಡ್ಡಿನದು. 1956ರಲ್ಲಿ ಅದು ಮುಗಿದ ಮೇಲೆ ಬಾಗ್ದಾದಿಗೆ ಟೈಗ್ರಿಸ್ ಪ್ರವಾಹದ ಭಯ ಎಷ್ಟೋ ಇಳಿಯಿತು. ಆ ಮಂಡಳಿಯಲ್ಲೂ ಕುಂದುಗಳಿದ್ದವು. ದೊಡ್ಡ ಅಣೆಕಟ್ಟುಗಳತ್ತ ಕೊಟ್ಟ ಗಮನವನ್ನು ಬಡವರ ಮನೆ, ಶಾಲೆಗಳಿಗೆ ಕೊಡಲಿಲ್ಲ. 1958ರ ಕ್ರಾಂತಿಯ ನಂತರ ಮಂಡಳಿಯೂ ಹೋಯಿತು. ಆದರೆ ಎಣ್ಣೆಯ ದುಡ್ಡನ್ನು ಸಂಬಳದ ಲೆಕ್ಕಕ್ಕೆ ಸೇರಿಸದೆ ಮೊದಲೇ ನೀರಿಗೆ ಎತ್ತಿಡುವ ಕಟ್ಟುಪಾಡು ಇದೆಯಲ್ಲ, ಈಗ ಮತ್ತೆ ಬೇಕಾಗಿರುವುದು ಅದೇ ಅನ್ನುತ್ತೇನೆ ನಾನು. ಬದಲಾಗುತ್ತಿರುವ ಹವಾಮಾನಕ್ಕೆ ಹೊಂದಿಕೊಳ್ಳೋದು ಅಂದರೆ ಬಸ್ರಾದ ಮನೆಗಳಿಗೆ ನಲ್ಲಿಯಲ್ಲಿ ಸಿಹಿನೀರು, ಮಧ್ಯಾಹ್ನ ನಿಲ್ಲದ ಕರೆಂಟು.

ಸ್ವಲ್ಪ ಕೆಲಸ ಶುರುವಾಗಿದೆ. 2013ರಿಂದ ಬಸ್ರಾ ಗ್ಯಾಸ್ ಕಂಪನಿ ಒಂದಷ್ಟು ಗ್ಯಾಸನ್ನು ಹಿಡಿಯುತ್ತಿದೆ. 2023ರ ಜುಲೈಯಲ್ಲಿ ಫ್ರಾನ್ಸಿನ ಎಣ್ಣೆ ಕಂಪನಿ ಟೋಟಲ್ ಎನರ್ಜೀಸ್ ಜೊತೆ 2,700 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಬಿತ್ತು. ಸುಡುವ ಗ್ಯಾಸಿನಿಂದ ಕರೆಂಟು, 1,000 ಮೆಗಾವಾಟ್ ಸೌರಶಕ್ತಿ, ಎಣ್ಣೆ ಬಾವಿಗಳಿಗೆ ನದಿ ನೀರಿನ ಬದಲು ಸಮುದ್ರದ ನೀರು, ಮೂರೂ ಅದರಲ್ಲಿವೆ. ಆ ಸಮುದ್ರದ ನೀರಿನ ಯೋಜನೆಯ ಮಾತು ಶುರುವಾಗಿದ್ದು 2010ರ ಆಸುಪಾಸಿನಲ್ಲಿ. ಮಾತಿಗೂ ಸಹಿಗೂ ನಡುವೆ 2018ರ ಬೇಸಿಗೆ ಬಂದು ಹೋಯಿತು.