ಕಾಗದ ಮನೆ ಬಾಗಿಲಿಗೆ ಬಂದದ್ದು ಹೇಗೆ: ಅಮೆರಿಕದ ಮಿಡ್‌ವೆಸ್ಟ್ ಹಳ್ಳಿಗಳ ಅಂಚೆ ಇತಿಹಾಸ

1833ರ ಮೇ ತಿಂಗಳಲ್ಲಿ ಅಮೆರಿಕದ ಉತ್ತರ-ಮಧ್ಯ ಭಾಗವಾದ ಮಿಡ್‌ವೆಸ್ಟ್‌ನ ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಪುಟ್ಟ ಊರಿಗೆ 24 ವರ್ಷದ ಯುವಕರೊಬ್ಬರು ಪೋಸ್ಟ್‌ಮಾಸ್ಟರ್ ಆದರು. ಹೆಸರು ಅಬ್ರಹಾಂ ಲಿಂಕನ್. ಅಲ್ಲಿಗೆ ಟಪಾಲು ಬರುತ್ತಿದ್ದದ್ದು ವಾರಕ್ಕೊಮ್ಮೆ. 1835ರ ಲೆಕ್ಕದ ವರ್ಷದಲ್ಲಿ ಅವರಿಗೆ ಸಿಕ್ಕ ಸಂಭಾವನೆ 55 ಡಾಲರ್ 70 ಸೆಂಟ್. ಯಾರಾದರೂ ಬಂದು ಕಾಗದ ಒಯ್ಯದಿದ್ದರೆ ಲಿಂಕನ್ ಅದನ್ನು ತಮ್ಮ ಟೋಪಿಯೊಳಗಿಟ್ಟುಕೊಂಡು ಹೋಗಿ ಕೊಡುತ್ತಿದ್ದರೆಂದು ಹೇಳುತ್ತಾರೆ. ಹಾಗೆ ಮಾಡಿದ್ದರೆ ಅದು ಅವರ ಒಳ್ಳೆಯತನ, ಕೆಲಸದ ಭಾಗವಲ್ಲ. ಆಗ ಮನೆಗೆ ಬಟವಾಡೆ ಎಂಬುದೇ ಇರಲಿಲ್ಲ.

ಜನ ಅಂಚೆ ಕಚೇರಿಗೆ ಬಂದು, ಬಹುಪಾಲು ತಾವೇ ದುಡ್ಡು ತೆತ್ತು ಕಾಗದ ಬಿಡಿಸಿಕೊಳ್ಳಬೇಕಿತ್ತು. ಒಂದು ಹಾಳೆಯ ಕಾಗದಕ್ಕೆ 30 ಮೈಲಿವರೆಗೆ 6 ಸೆಂಟ್, 400 ಮೈಲಿ ಮೀರಿದರೆ 25 ಸೆಂಟ್. ಎರಡು ಹಾಳೆಯಾದರೆ ದುಪ್ಪಟ್ಟು. ನ್ಯೂಯಾರ್ಕ್ ಬಿಟ್ಟು ಇಲಿನಾಯ್‌ಗೆ ಬಂದು ನೆಲೆಸಿದ ರೈತನಿಗೆ ತವರೂರಿನ ಸುದ್ದಿ ದುಬಾರಿ ಬಾಬತ್ತೇ ಆಗಿತ್ತು. ನನ್ನ ದೃಷ್ಟಿಯಲ್ಲಿ ಈ ಅಂಚೆ ಇತಿಹಾಸ ಇಡೀ ಒಂದೇ ಪ್ರಶ್ನೆಯ ಸುತ್ತ ಸಾಗುತ್ತದೆ: ದೂರದ ಭಾರ ಹೊರಬೇಕಾದವರು ಯಾರು?

1845ರಲ್ಲಿ ದರ ಇಳಿಯಿತು, 1847ರಲ್ಲಿ ಅಂಚೆಚೀಟಿ ಬಂತು, 1855ರಿಂದ ಕಳಿಸುವವರೇ ಮುಂಚಿತವಾಗಿ ಹಣ ಕಟ್ಟುವುದು ಕಡ್ಡಾಯವಾಯಿತು. 1863ರ ಜುಲೈನಲ್ಲಿ ನಗರಗಳಲ್ಲಿ ಉಚಿತ ಬಟವಾಡೆ ಶುರುವಾಯಿತು. ಅದರ ಹಿಂದೆ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನ ಅಂಚೆ ನೌಕರ ಜೋಸೆಫ್ ಬ್ರಿಗ್ಸ್ ಅವರ ಹೆಸರು ಕೇಳಿಬರುತ್ತದೆ. ಅಂತರ್ಯುದ್ಧಕ್ಕೆ ಹೋದ ಗಂಡ, ಮಕ್ಕಳ ಸುದ್ದಿಗಾಗಿ ಹೆಂಗಸರು ಚಳಿಯಲ್ಲಿ ಸಾಲುಗಟ್ಟಿ ನಿಂತದ್ದನ್ನು ಕಂಡು ಅವರು ಮರುಗಿದರು ಎನ್ನುತ್ತಾರೆ.

ಹಳ್ಳಿಯ ತಾಯಂದಿರಿಗೂ ಯುದ್ಧಕ್ಕೆ ಹೋದ ಮಕ್ಕಳಿದ್ದರು. ಆದರೂ ಹಳ್ಳಿ ಇನ್ನೂ ಮೂವತ್ತಮೂರು ವರ್ಷ ಕಾಯಬೇಕಾಯಿತು. 1890ರಲ್ಲಿ ದೇಶದ ಶೇ 65ರಷ್ಟು ಜನ, ಸುಮಾರು 4 ಕೋಟಿ 10 ಲಕ್ಷ ಮಂದಿ, ಗ್ರಾಮೀಣ ಪ್ರದೇಶದಲ್ಲಿದ್ದರು. ಅವರ ಪಾಲಿಗೆ ಅಂಚೆ ಕಚೇರಿಯೆಂದರೆ ಸಾಮಾನ್ಯವಾಗಿ ಕಿರಾಣಿ ಅಂಗಡಿಯ ಒಂದು ಮೂಲೆ, ಅಲ್ಲಿ ಕಾಗದ ಇಡುವ ಮರದ ಗೂಡುಗಳು. ಅಂಗಡಿಯವರೇ ಪೋಸ್ಟ್‌ಮಾಸ್ಟರ್. ಸಂಬಳಕ್ಕಿಂತ ಮುಖ್ಯವಾದ ಲಾಭ ಬೇರೆ ಇತ್ತು: ಕಾಗದ ಕೇಳಲು ಬಂದವರು ಉಪ್ಪು, ಮೊಳೆ, ಬಟ್ಟೆ ಕೊಂಡೇ ಹೋಗುತ್ತಿದ್ದರು. ಸರ್ಕಾರ ನಡೆಸುವ ಪಕ್ಷ ಬದಲಾದರೆ ಆ ಹುದ್ದೆಯೂ ಎಷ್ಟೋ ಕಡೆ ಕೈ ಬದಲಾಗುತ್ತಿತ್ತು.

ಐವತ್ತು ಜನ ಊರಿಗೆ ಬಂದು ಕಾಗದ ಒಯ್ಯುವ ಬದಲು ಒಬ್ಬ ಐವತ್ತು ಮನೆಗೆ ಹೋಗುವುದು ಜಾಣತನವಲ್ಲವೇ ಎಂದು ಕೇಳಿದವರು ಆಗ ಅಂಚೆ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ವಾನಮೇಕರ್. ರೈತರ ಸಂಘಟನೆ ಗ್ರೇಂಜ್ ಅದಕ್ಕೆ ದನಿಗೂಡಿಸಿತು. ಅಂಗಡಿಕಾರರು ವಿರೋಧಿಸಿದರು, ಅವರ ಹೊಟ್ಟೆಪಾಡಿನ ಪ್ರಶ್ನೆ ಅದು. 1896ರ ಅಕ್ಟೋಬರ್ 1ರಂದು ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ಹಳ್ಳಿ ಮನೆಗಳಿಗೆ ಉಚಿತ ಬಟವಾಡೆಯ ಪ್ರಯೋಗ ಆರಂಭವಾಯಿತು. ಅದೇ ಡಿಸೆಂಬರಿನಲ್ಲಿ ಮಿಷಿಗನ್ ರಾಜ್ಯದ ಕ್ಲೈಮ್ಯಾಕ್ಸ್ ಎಂಬ ಹಳ್ಳಿಗೂ ಬಂತು. 1902ರಲ್ಲಿ ಈ ಸೇವೆ ಕಾಯಂ ಆಯಿತು.

ತಮ್ಮೂರಿಗೆ ಬಟವಾಡೆಯ ಮಾರ್ಗ ಬೇಕೆಂದರೆ ರೈತರು ಅರ್ಜಿ ಹಾಕಬೇಕು, ರಸ್ತೆ ಸರಿಯಿರಬೇಕು, ಅಡ್ಡ ಗೇಟುಗಳಿರಬಾರದು, ದಾಟಲಾಗದ ಹಳ್ಳ ಇರಬಾರದು. ಇಂಡಿಯಾನಾ ರಾಜ್ಯದ ಒಂದು ಕೌಂಟಿಯಲ್ಲಿ (ಅಂದರೆ ಜಿಲ್ಲೆಯಲ್ಲಿ) ರೈತರು ತಾವೇ 2,600 ಡಾಲರಿಗೂ ಹೆಚ್ಚು ಹಣ ಹಾಕಿ ರಸ್ತೆ ಸಮ ಮಾಡಿಸಿ ಜಲ್ಲಿ ಹಾಕಿಸಿದರು. 1897ರಿಂದ 1908ರವರೆಗೆ ದೇಶದ ಸ್ಥಳೀಯ ಸಂಸ್ಥೆಗಳು ಸೇತುವೆ, ಮೋರಿ, ರಸ್ತೆಗಳಿಗೆ ಸುರಿದ ಹಣ ಸುಮಾರು 7 ಕೋಟಿ 20 ಲಕ್ಷ ಡಾಲರ್. ಟಪಾಲಿನ ಆಸೆಗೆ ಹಳ್ಳಿಗಳು ರಸ್ತೆ ಕಂಡವು.

ಇನ್ನು ಪೋಸ್ಟ್‌ಮ್ಯಾನ್ ಪಾಡು. ಮಾರ್ಗ ಸುಮಾರು 25 ಮೈಲಿ. ಕುದುರೆ ಅವನದೇ, ಗಾಡಿ ಅವನದೇ, ಹುಲ್ಲು ಹುರುಳಿಯ ಖರ್ಚೂ ಅವನದೇ. 1902ರಲ್ಲಿ ವರ್ಷದ ಸಂಬಳ 600 ಡಾಲರ್. ಅಂಚೆಚೀಟಿ ಮಾರುವುದು, ರಿಜಿಸ್ಟರ್ ಕಾಗದ ತೆಗೆದುಕೊಳ್ಳುವುದು, ಮನಿಆರ್ಡರ್ ಮಾಡಿಸಿಕೊಡುವುದು ಎಲ್ಲ ಅವನ ಕೆಲಸ. ಹಿಮ ಬಿದ್ದಾಗ ಜಾರುಗಾಡಿ ಕಟ್ಟಬೇಕು, ಹಿಮ ಕರಗುವ ಕಾಲದಲ್ಲಿ ಕೆಸರಿನಲ್ಲಿ ಹೂತ ಗಾಲಿ ಎತ್ತಬೇಕು. ಕಾಗದ ಹಾಕಲು ಮೊದಮೊದಲು ಸರಿಯಾದ ಪೆಟ್ಟಿಗೆಗಳೂ ಇರಲಿಲ್ಲ. ಜನ ಹಂದಿಕೊಬ್ಬಿನ ಡಬ್ಬಿ, ಸಾಬೂನಿನ ಪೆಟ್ಟಿಗೆಗಳನ್ನೇ ಕಂಬಕ್ಕೆ ಹೊಡೆದಿರುತ್ತಿದ್ದರು. ಈಗ ಎಲ್ಲೆಡೆ ಕಾಣುವ ಕಮಾನು ಬೆನ್ನಿನ ಪೆಟ್ಟಿಗೆ ಬಂದದ್ದು 1915ರಲ್ಲಿ. ಈ ನೌಕರರ ರಾಷ್ಟ್ರೀಯ ಸಂಘ 1903ರಲ್ಲಿ ಷಿಕಾಗೊದಲ್ಲಿ ಹುಟ್ಟಿತೆಂದರೆ ಅಚ್ಚರಿಯಿಲ್ಲ.

ನಷ್ಟವನ್ನೂ ಹೇಳಬೇಕು. 1901ರಲ್ಲಿ ದೇಶದಲ್ಲಿ 76,945 ಅಂಚೆ ಕಚೇರಿಗಳಿದ್ದವು. ಆಮೇಲೆ ಆ ಸಂಖ್ಯೆಯನ್ನು ಮುಟ್ಟಲೇ ಇಲ್ಲ. ಪೋಸ್ಟ್‌ಮ್ಯಾನ್ ಮನೆಗೇ ಬಂದ ಮೇಲೆ ಮೂಲೆಯ ಕಚೇರಿಗಳು ಒಂದೊಂದಾಗಿ ಮುಚ್ಚಿದವು, ಅಂಗಡಿಗೆ ಗಿರಾಕಿ ತಪ್ಪಿದ. 1913ರ ಜನವರಿಯಲ್ಲಿ ಪಾರ್ಸೆಲ್ ಸೇವೆ ಬಂದಾಗ ಅಂಚೆಯಲ್ಲೇ ಆರ್ಡರ್ ಪಡೆದು ಸರಕು ಮಾರುತ್ತಿದ್ದ ಷಿಕಾಗೊದ ಸಿಯರ್ಸ್, ಮಾಂಟ್ಗೊಮೆರಿ ವಾರ್ಡ್ ಕಂಪನಿಗಳ ಸಾಮಾನು ಸೀದಾ ಹೊಲದ ಮನೆಗೆ ತಲುಪತೊಡಗಿತು. ರೈತನಿಗೆ ಒಳ್ಳೆಯದಾಯಿತು, ಸಂದೇಹವಿಲ್ಲ. ಆದರೆ ವಾರಕ್ಕೊಮ್ಮೆ ಅಕ್ಕಪಕ್ಕದವರು ಸೇರುತ್ತಿದ್ದ ಜಾಗ ಎಷ್ಟೋ ಊರುಗಳಲ್ಲಿ ಹೋಯಿತು.

ದೂರದ ಭಾರವೂ ಪೂರ್ತಿ ಇಲಾಖೆಯ ಹೆಗಲಿಗೆ ಹೋಗಲಿಲ್ಲ. ಇಂದಿಗೂ ಅಮೆರಿಕದ ಎಷ್ಟೋ ಗ್ರಾಮೀಣ ಪೋಸ್ಟ್‌ಮ್ಯಾನ್‌ಗಳು ಸ್ವಂತ ಕಾರಿನಲ್ಲೇ ಟಪಾಲು ಹಂಚುತ್ತಾರೆ. ಅದರ ಖರ್ಚಿಗೆ ಅವರಿಗೆ ಭತ್ಯೆ ಸಿಗುತ್ತದೆ.